ಆನಿಬಾಯಿಯ ಎತ್ತರದ ಕಪಾಟು

ಕುಕ್ಕುಂದೂರಿನ ಬಡಗಿ ಭುಜಂಗ ಆಚಾರ್ಯರ ಕಣ್ಣು ಮಂಜಾಗಿದೆ ಎಂಬ ಸುದ್ದಿ ಕಾರ್ಕಳ ಪೇಟೆಯಲ್ಲಿ ಹಬ್ಬಿತ್ತು. ಕೂದಲೂ ತೂರದಂತೆ ಮರ ಜೋಡಿಸುತ್ತಿದ್ದವರು ಈಗ ಹಲಗೆಗೂ ಕಂಬಕ್ಕೂ ನಡುವೆ ಸಂದು ಬಿಡುತ್ತಾರಂತೆ, ಪಾಪ, ವಯಸ್ಸಾಯಿತು ಎಂದು ಗಿರಾಕಿಗಳು ಕನಿಕರಪಟ್ಟರು. ಸಂದು ಬಿಡುವುದು ನಿಜ. ಕಣ್ಣು ಮಾತ್ರ ಚೆನ್ನಾಗಿಯೇ ಇದೆ. ಸಂದು ಬಿಡುವುದನ್ನು ಅವರಿಗೆ ಕಲಿಸಿದ್ದು ಆನಿಬಾಯಿಯ ಅಡುಗೆಮನೆ.

ಆನಿಬಾಯಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡು ಗಾಲಿಕುರ್ಚಿ ಸೇರಿದ್ದರು. ಅಡುಗೆಗೊಬ್ಬಳನ್ನು ಗೊತ್ತುಮಾಡುತ್ತೇನೆಂದು ಮಗಳು ಲೀನಾ ಬಾಯಿ ತೆರೆದರೆ ಸಾಕು, "ನನ್ನ ಒಲೆಯ ಮುಂದೆ ಇನ್ನೊಬ್ಬಳು ನಿಂತರೆ ನಾನು ಪೂರ್ತಿ ಮಲಗಿದ ಹಾಗೆಯೇ" ಎಂದು ಸಿಡುಕುವರು. ಕೊನೆಗೆ ಅಡುಗೆಮನೆಗೊಂದು ಕಪಾಟು ಬೇಕೆಂದು ಲೀನಾಳಿಂದ ಭುಜಂಗರಿಗೆ ಕರೆ ಹೋಯಿತು. ಸದ್ಯಕ್ಕೆ ಸಾಮಾನು ಕುರ್ಚಿಯಿಂದಲೇ ಕೈಗೆಟುಕಬೇಕು. ಮುಂದೆ ಅಮ್ಮ ಎದ್ದು ನಿಂತಾಗ ಹಲಗೆಯೂ ಮೇಲೇರಬೇಕು.

"ಆಸ್ಪತ್ರೆಯ ಸಾಮಾನಿನ ಹಾಗೆ ಕಾಣಬಾರದು, ಆಚಾರ್ರೇ," ಎಂದು ಆನಿಬಾಯಿ ಸೇರಿಸಿದರು.

ಭುಜಂಗರು ಹಲಸಿನ ಮರದಲ್ಲಿ ಎರಡು ಕಂಬ ನಿಲ್ಲಿಸಿ, ಎದುರುಬದುರಾಗಿ ಓರೆ ಕಚ್ಚುಗಳನ್ನು ಕೊರೆದರು. ಹಲಗೆಯನ್ನು ಒಂದು ಕಚ್ಚಿನಿಂದ ಎತ್ತಿ ಬೇಕಾದ ಇನ್ನೊಂದರಲ್ಲಿ ಕೂರಿಸಬಹುದು, ಮೊಳೆಯಿಲ್ಲ, ತಿರುಪಿಲ್ಲ. ಏಪ್ರಿಲ್ಲಿನಲ್ಲಿ ತಂದಿಟ್ಟಾಗ ಎಲ್ಲಿಯೂ ಸಂದು ಕಾಣದಿದ್ದುದೇ ಅವರ ಹೆಮ್ಮೆ. ಆಚಾರಿಯ ಹೆಸರು ನಿಲ್ಲುವುದೇ ಅದರ ಮೇಲೆ.

ಜೂನ್ ಮಳೆಯ ಹೊತ್ತಿಗೆ ಆನಿಬಾಯಿ ವಾಕರ್ ಹಿಡಿದು ಎದ್ದು ನಿಂತರು. ಹಲಗೆಗಳು ಮಾತ್ರ ಕುರ್ಚಿಯ ಮಟ್ಟದಲ್ಲಿಯೇ ಕಚ್ಚಿಕೊಂಡವು. ಬಗ್ಗಕೂಡದೆಂದು ಡಾಕ್ಟರರ ಅಪ್ಪಣೆ. ಲೀನಾ ಎಳೆದಳು, ಗುದ್ದಿದಳು, ಸೋತಳು. ಸೋಮವಾರದಿಂದ ಅಡುಗೆ ಕೆಲಸದವಳು ಬರುವುದೆಂದು ನಿಶ್ಚಯವಾಯಿತು; ಆನಿಬಾಯಿ ಈ ಬಾರಿ ಎದುರಾಡಲಿಲ್ಲ. ಅದಕ್ಕೇ ಹೆದರಿ ಲೀನಾ ಭುಜಂಗರಿಗೆ ಫೋನ್ ಮಾಡಿದಳು.

"ಎಂತ ಆಚಾರ್ರೇ, ನಾನು ಎದ್ದರೂ ನಿಮ್ಮ ಕಪಾಟು ಏಳುವುದಿಲ್ಲವಲ್ಲ! ಅದಕ್ಕೂ ಸೊಂಟ ಮುರಿದಿದೆಯಾ?" ಎಂದು ಆನಿಬಾಯಿ, ಮನೆಗೆ ಬಂದ ಭುಜಂಗರನ್ನು ಕೇಳಿದರು.

"ಮಳೆಗೆ ಮರ ಉಬ್ಬಿದೆ, ಬಾಯಿ. ಉಬ್ಬುತ್ತದೆಂದು ಗೊತ್ತಿತ್ತು."

"ಗೊತ್ತಿದ್ದೂ?"

"ಸಂದು ಕಂಡರೆ ಜನ ಎಂತ ಹೇಳಿಯಾರು ಅಂತ..."

"ಜನ ಬಂದು ನನ್ನ ಸಾರು ಕುದಿಸುತ್ತಾರಾ ಮಾರಾಯ್ರೇ?"

ಭುಜಂಗರು ಮರದ ಕೊಡತಿಯಿಂದ ಮೆಲ್ಲನೆ ತಟ್ಟಿ ಹಲಗೆಗಳನ್ನು ಬಿಡಿಸಿಕೊಂಡು, ಜಗಲಿಯಲ್ಲಿ ಕುಳಿತು ಎರಡೂ ತುದಿಗಳಿಗೆ ಕೀಸುಳಿ ಹಾಕಿ ಕೊಂಚ ಹೆರೆದರು. ಅಕ್ಕಿಕಾಳು ತೂರುವಷ್ಟು ಸಂದಾಯಿತು. ಮತ್ತೆ ಕೂರಿಸಿ ನೋಡಿದರೆ ಹಲಗೆಗಳು ಸರಾಗವಾಗಿ ಏರಿದವು. ಆದರೆ ಆ ಸಂದನ್ನು ಅವರಿಗೇ ನೋಡಲಾಗಲಿಲ್ಲ. ಮರೆಮಾಚುವ ಉಪಾಯ ಹುಡುಕುತ್ತಾ ಹುಡುಕುತ್ತಾ, ಆ ಯೋಚನೆಯನ್ನೇ ಕೈಬಿಟ್ಟರು. ಉಳಿ ಹಿಡಿದು ಕಂಬಗಳ ಉದ್ದಕ್ಕೂ ಸಂದಿನಷ್ಟೇ ಅಗಲದ ಗೀರುಗಳನ್ನು ತೆಗೆದರು. ಕಿಟಕಿಯ ಬೆಳಕಿನಲ್ಲಿ ಸಂದಿನ ನೆರಳೂ ಗೀರಿನ ನೆರಳೂ ಒಂದೇ ಕುಸುರಿಯಾಗಿ ಕಂಡವು.

"ಇದು ಮೊದಲೇ ಇರಬೇಕಿತ್ತು," ಎಂದರು ಆನಿಬಾಯಿ, ಮೆಣಸಿನ ಡಬ್ಬಿಗೆ ನಿಂತಲ್ಲಿಂದಲೇ ಕೈಚಾಚುತ್ತಾ.

ಕೆಲಸದವಳಿಗೆ ಬೇಡವೆಂದು ಹೇಳಿಯಾಗಿದೆ. ಹಲಗೆಗಳು ಈಗ ಆನಿಬಾಯಿಯ ಎದೆಯ ಮಟ್ಟದಲ್ಲಿವೆ. ಮಧ್ಯಾಹ್ನದ ಅಡುಗೆ ಅವರದೇ. ಭಾರದ ಪಾತ್ರೆ ಇಳಿಸಲು ಲೀನಾ ಬೇಕು. ಭಾನುವಾರದ ಪೂಜೆಗೆ ಇಗರ್ಜಿಯವರೆಗೆ ನಡೆಯುವುದು ಇನ್ನೂ ಆಗಿಲ್ಲ.