ಇಂಜಿನ್ ತಣ್ಣಗಾಗಲಿ ಅಂದೆ

ಗಂಡನ ಅಣ್ಣನ ಎದುರಿಗೆ ಬಾಯಿ ಬಿಡಬಾರದು ಎನ್ನುವುದು ನಮ್ಮ ಮನೆಯ ಪದ್ಧತಿ. ಅವರು ಎದುರಾದರೆ ಸೆರಗು ಎಳೆದುಕೊಂಡು ಪಕ್ಕಕ್ಕೆ ಸರಿಯಬೇಕು. ಹೇಳಲೇಬೇಕಾದ ಮಾತಿದ್ದರೆ ಬೇರೆಯವರ ಬಾಯಲ್ಲಿ ಹೇಳಿಸಬೇಕು. ಮದುವೆಯಾಗಿ ಕೆಲವು ವರ್ಷ ನಾನು ಹಾಗೇ ಇದ್ದೆ. ಬಾಯಿಲ್ಲದವಳು, ಬಲು ಒಳ್ಳೆಯವಳು ಅನ್ನಿಸಿಕೊಂಡೂ ಇದ್ದೆ. ಆ ಒಳ್ಳೆಯ ಹೆಸರು ತರೀಕೆರೆಯಲ್ಲಿ ಒಂದೇ ಮಧ್ಯಾಹ್ನಕ್ಕೆ ಹೋಯಿತು. ಹೋದದ್ದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳ ಮಾತು. ಬುಕ್ಕಾಂಬುಧಿ ಹತ್ತಿರದ ಹೊಲ, ತೆಂಗಿನ ತೋಟಗಳನ್ನು ಭಾವ ನೋಡಿಕೊಳ್ಳುತ್ತಿದ್ದರು. ನನ್ನ ಗಂಡ ಸಂತೆಯಲ್ಲಿ ಬಟ್ಟೆ ಮಾರುತ್ತಿದ್ದರು. ಗಂಟು ಹೊತ್ತು ಅಜ್ಜಂಪುರ, ಶಿವನಿ, ತರೀಕೆರೆ, ಕಡೂರು ಅಂತ ಹೊರಟರೆ ವಾರಕ್ಕೊಂದು ದಿನ ಮನೆ ಕಂಡರೆ ಹೆಚ್ಚು, ಆ ದಿನವೂ ನಿದ್ದೆಯಲ್ಲೇ ಮುಗಿಯುತ್ತಿತ್ತು. ಮನೆ ತುಂಬ ಜನಕ್ಕೆ ಮುದ್ದೆ ಕಟ್ಟಿ ಹಾಕುತ್ತಾ, ಗಂಡನಿದ್ದೂ ಇಲ್ಲದವಳಂತೆ ಬದುಕುವುದು ನನಗೆ ಸಾಕಾಗಿತ್ತು. ನಾನೂ ಜೊತೆಗೆ ಬರುತ್ತೇನೆ ಎಂದು ಹಟ ಹಿಡಿದೆ. ಗಂಡ ಹೆದರುತ್ತಲೇ ಅಣ್ಣನಿಗೆ ಹೇಳಿದರು.

"ಹೆಣ್ಮಗ್ಳು ಸಂತೆ ಮಾಳದಲ್ಲಿ ಬಿದ್ಕಳ್ಳಂಗಿಲ್ಲ ಕಣೋ. ತಲೆ ಮೇಲೊಂದ್ ಸೂರು ತೋರ್ಸು, ಕರ್ಕಂಡ್ ಹೋಗು" ಎಂದರು ಭಾವ.

ಆ ಸೂರು ತರೀಕೆರೆಯಲ್ಲಿ ಸಿಕ್ಕಿತು. ಒಂದು ನಾಟಕದ ಕಂಪನಿ ಬಾಗಿಲು ಹಾಕಿ, ಅವರ ಹಳೆಯ ಡೀಸೆಲ್ ವ್ಯಾನು ಮಾರಾಟಕ್ಕೆ ನಿಂತಿತ್ತು. ಊರೂರು ತಿರುಗುವಾಗ ನಟರು ಮಲಗಲೆಂದು ಒಳಗೆ ಎರಡು ಮಂಚ ಕೂರಿಸಿದ್ದರು. ಸ್ಟೌ ಇಡಲು ತಗಡು ಹೊಡೆದ ಹಲಗೆ, ಒಂದು ಕನ್ನಡಿ, ಕಿಟಕಿಗೆ ಹೂವಿನ ಪರದೆ. ಜನ ಅದನ್ನು ಮನೆ ಮೋಟಾರು ಅನ್ನುತ್ತಿದ್ದರು. ಒಳಗೆ ಕಾಲಿಟ್ಟದ್ದೇ ನಾನು ಸಂಸಾರ ಹೂಡಿಬಿಟ್ಟೆ. ಬಿಂದಿಗೆ ಇಲ್ಲಿ, ಉಪ್ಪಿನಕಾಯಿ ಜಾಡಿ ಅಲ್ಲಿ, ಬಟ್ಟೆ ಗಂಟು ಮಂಚದ ಕೆಳಗೆ. ಹಿಂದಿನ ಬಾಗಿಲು ಹಾಕಿದರೆ ನಾವಿಬ್ಬರೇ. ಅಷ್ಟು ಆಸೆ ನನಗೆ ಯಾವ ಒಡವೆಯ ಮೇಲೂ ಆಗಿರಲಿಲ್ಲ.

ಭಾವನ ಜೊತೆ ನಾವು ಹೋಗುವಾಗಲೇ ಇಂಜಿನ್ ಓಡುತ್ತಿತ್ತು. ಕಂಪನಿಯ ಮ್ಯಾನೇಜರು ಡ್ರೈವರನಿಗೆ ಹೇಳಿ ಒಮ್ಮೆ ನಿಲ್ಲಿಸಿ, ಮತ್ತೆ ಹೊರಡಿಸಿ ತೋರಿಸಿದರು. ಒಂದೇ ಸಲಕ್ಕೆ ಹೊರಟಿತು. "ಕೇಳಿ ಸ್ವಾಮಿ, ಒಂದ್ ಅಪಸ್ವರ ಐತಾ?" ಎಂದರು. ಭಾವನಿಗೆ ಒಪ್ಪಿಗೆಯಾಯಿತು. ಡ್ರೈವರ್ ಇಂಜಿನ್ ಆರಿಸಿದ, ಭಾವ ಎಲೆ ಅಡಿಕೆಯ ತಟ್ಟೆ ತರಿಸಿದರು. ನಮ್ಮ ಕಡೆ ಎಲೆ ಅಡಿಕೆ ಕೈ ಬದಲಾದರೆ ವ್ಯಾಪಾರ ಮುಗಿದ ಹಾಗೆ. ಆಮೇಲೆ ಮಾಲು ನೋಡುತ್ತೇನೆ ಎನ್ನುವುದು ಮಾರಿದವನ ಮುಖಕ್ಕೆ ಉಗಿದಂತೆ.

ದೇವನೂರಿನ ನನ್ನ ತವರಿನಲ್ಲಿ ಬಾವಿಗೆ ಡೀಸೆಲ್ ಇಂಜಿನ್ ಕೂರಿಸಿದ್ದರು. ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ, ಹ್ಯಾಂಡಲ್ ಹೊಡೆಯುತ್ತಿದ್ದವಳು ನಾನು. ಓಡಿ ಬಿಸಿಯಾದ ಇಂಜಿನ್ನು ಎಷ್ಟೇ ಸವೆದಿದ್ದರೂ ಇನ್ನೊಮ್ಮೆ ಹೊರಡುತ್ತದೆ. ಅದರ ಬಂಡವಾಳ ಬಯಲಾಗುವುದು ತಣ್ಣಗಿದ್ದಾಗ. ಹಾಗಾಗಿ ಗಂಡನಿಗೆ ಮೆಲ್ಲಗೆ ಹೇಳಿದೆ: "ರೀ, ತಣ್ಣಗಾದ್ಮೇಲೆ ಇನ್ನೊಂದ್ಸಲ ಹೊರಡ್ಸಿ ನೋಡಣ ಅಂತ ನಿಮ್ಮಣ್ಣಂಗೆ ಹೇಳಿ." ಗಂಡ ಗಂಟಲು ಸರಿಮಾಡಿಕೊಂಡರು, ಅಷ್ಟೇ. ಅಷ್ಟರಲ್ಲಿ ಭಾವ ತಟ್ಟೆ ಚಾಚಿಯೇಬಿಟ್ಟರು. ನಾನು ಮುಂದೆ ಹೋಗಿ ತಟ್ಟೆಗೆ ಅಡ್ಡ ಕೈ ಹಿಡಿದೆ.

"ಕೊಡ್ಬೇಡಿ ಭಾವ. ಇಂಜಿನ್ ತಣ್ಣಗಾಗ್ಲಿ."

ಗಂಡನ ಮುಖ ಸುಣ್ಣದಂತಾಯಿತು. ಮ್ಯಾನೇಜರು ನಕ್ಕರು. "ಏನ್ ಗೌಡ್ರೇ, ನಿಮ್ಮನೇಲಿ ಹೆಂಗಸ್ರು ಒಲೆ ನೋಡ್ತಾರೋ, ಇಂಜಿನ್ ನೋಡ್ತಾರೋ?"

"ಎರಡೂ ನೋಡ್ತೀವಿ. ಎರಡ್ರಾಗೂ ಹೊಗೆ ಬತ್ತದಲ್ಲ" ಎಂದೆ.

ಭಾವನ ಮೀಸೆ ಅದುರಿತು. ಆದರೆ ಬೇರೆಯವರ ಎದುರು ತಮ್ಮನ ಹೆಂಡತಿಯನ್ನು ಬೈಯುವುದೂ ಮರ್ಯಾದೆಯಲ್ಲ. "ಆಗ್ಲಿ, ಕಾಯಣ. ಆಮೇಲಾದ್ರೂ ಬಾಯಿ ಮುಚ್ಚುತ್ತೆ" ಎಂದು ಹುಣಸೆಮರದ ಬುಡದಲ್ಲಿ ಕೂತರು.

ಯಾರೂ ಮತ್ತೆ ಇಂಜಿನ್ ಬಿಸಿಮಾಡದಿರಲಿ ಎಂದು ನಾನು ಡ್ರೈವರನ ಬಾಗಿಲ ಮೆಟ್ಟಿಲಲ್ಲೇ ಕೂತೆ. ಮ್ಯಾನೇಜರು ಹೋಟೆಲಿಗೆ ಕರೆದರು, ಏಳಲಿಲ್ಲ. ಇಂಜಿನ್ ಆರಿದೆ ಅಂದರು. ಕೈಯಿಟ್ಟು ನೋಡಿ, ಇನ್ನೂ ಇಲ್ಲ ಅಂದೆ. ಕೂತಷ್ಟು ಹೊತ್ತೂ ಇದು ಹೊರಡಲಪ್ಪಾ, ಒಂದೇ ಸಲಕ್ಕೆ ಹೊರಡಲಿ ಎಂದೇ ಬೇಡಿಕೊಂಡೆ. ಆ ಗಾಡಿ ಅಲ್ಲಿದ್ದವರಲ್ಲಿ ನನಗೆ ಬೇಕಾದಷ್ಟು ಯಾರಿಗೂ ಬೇಕಿರಲಿಲ್ಲ.

ಬಿಸಿಲು ಇಳಿದ ಮೇಲೆ ಎದ್ದು ದಾರಿ ಬಿಟ್ಟೆ. ಡ್ರೈವರ್ ಸೀಟಿಗೆ ಹೋಗಲೇ ಇಲ್ಲ. ಅಭ್ಯಾಸಬಲದಿಂದ ನೇರವಾಗಿ ಹಿಂದಕ್ಕೆ ಹೋಗಿ, ತುದಿಗೆ ಚಿಂದಿ ಸುತ್ತಿದ ಒಂದು ಕರಿಹಿಡಿದ ಕೋಲು ತಂದ. ಅದಕ್ಕೆ ಬೆಂಕಿ ಹಚ್ಚಿ ಇಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿಗೆ ಹಿಡಿಯಬೇಕು, ಆಗ ಮಾತ್ರ ಸವೆದ ಇಂಜಿನ್ ಹೊರಡುತ್ತದೆ. ಮ್ಯಾನೇಜರು ಅವನತ್ತ ಕಣ್ಣು ಕೆಕ್ಕರಿಸಿದರು. ಅವನು ಕೋಲನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ. ಕೋಲಿಲ್ಲದೆ ಇಂಜಿನ್ ನರಳಿತೇ ಹೊರತು ಹೊರಡಲಿಲ್ಲ. ಕೊನೆಗೆ ಜನ ಸೇರಿ ತಳ್ಳಿ ಹೊರಡಿಸಿದರು. ಬಿಳಿ ಹೊಗೆಯಲ್ಲಿ ಹುಣಸೆಮರವೇ ಕಾಣದಾಯಿತು. ಆಯಿಲ್ ಹಾಕುವ ತೂತಿನ ಮುಚ್ಚಳ ತೆಗೆಸಿ ಅದರ ಬಾಯಿಗೆ ಅಂಗೈ ಹಿಡಿದೆ. ಇಂಜಿನ್ ಒಳಗೆ ಸವೆದಿದ್ದರೆ ಹೊಗೆ ಅಲ್ಲಿಂದಲೂ ನುಗ್ಗುತ್ತದೆ. ಹೊಗೆ ಬುಸುಬುಸು ಅಂತ ಹೊಡೆದು ಅಂಗೈಗೆಲ್ಲ ಆಯಿಲ್ ಸಿಡಿಯಿತು. ನನಗೆ ಅಳು ಬಂತು. ನುಂಗಿಕೊಂಡೆ.

ಭಾವ ಮೊದಲನೇ ಸಲ ನನ್ನನ್ನೇ ನೋಡಿ ಕೇಳಿದರು. "ಹೇಳವ್ವ, ತಗಳ್ಳಣೋ ಬೇಡ್ವೋ? ಬೇಡ ಅಂದ್ರೆ ಸೂರಿಲ್ಲ. ಸೂರಿಲ್ದಿದ್ರೆ ನೀನು ಮನೇಲೇ ಇರ್ಬೇಕು. ಯೋಚ್ನೆ ಮಾಡಿ ಹೇಳು."

ಅವರ ದನಿಯಲ್ಲಿ ಗೆದ್ದ ಸಂತೋಷವಿತ್ತು. ಹೂಂ ಅಂದುಬಿಡು ಅಂತ ಆ ಹೂವಿನ ಪರದೆ ನನ್ನನ್ನು ಕರೆಯಿತು. ಆದರೆ ಅದು ಬೀರೂರು ರಸ್ತೆಯಲ್ಲಿ ಕೈಕೊಟ್ಟ ದಿನ ಹೆಂಗಸಿನ ಮಾತು ಕೇಳಿ ಕೆಟ್ಟೆವು ಅಂತ ಈ ಭಾವನೇ ಊರೆಲ್ಲ ಸಾರುತ್ತಾರೆ.

"ಬ್ಯಾಡ. ಒಳಗೆಲ್ಲ ಸವೆದು ಇದ್ರ ಬೋರ್ ಹೋಗೈತೆ" ಎಂದೆ.

ಬಸ್ ಸ್ಟ್ಯಾಂಡಿಗೆ ಬಂದೆವು. ಗಂಡ ಮಾರನೆಯ ದಿನ ಕಡೂರಿನ ಸಂತೆಗೆ ಹೋಗಬೇಕಿತ್ತು, ಗಂಟು ಅವರ ಹೆಗಲ ಮೇಲಿತ್ತು. ಮೊದಲು ಅಜ್ಜಂಪುರದ ಬಸ್ಸು ಬಂತು. ಭಾವ ಹತ್ತಿ, ಬಾಗಿಲಲ್ಲಿ ನಿಂತು "ಬಾ" ಎಂದು ಕರೆದರು. ನಾನು ಕದಲಲಿಲ್ಲ. ಬಸ್ಸು ಹಾರನ್ ಹೊಡೆಯಿತು.

"ನಾನು ಬರಲ್ಲ ಭಾವ" ಎಂದೆ. "ಸೂರು ಸಿಕ್ಕಾಗ ಸಿಗ್ಲಿ."

"ಎಲ್ಲೇ ಮಲಗ್ತೀಯ?"

"ಇವರು ಮಲಗೋ ಕಡೆ."

ಅವರು ಏನೋ ಕೂಗಿದರು, ಬಸ್ಸು ಹೊರಟಿದ್ದರಿಂದ ಕೇಳಿಸಲಿಲ್ಲ. ಹೋದ ಬಸ್ಸನ್ನೇ ನೋಡುತ್ತಾ ಗಂಡ ನಿಂತಿದ್ದರು. ಕಡೂರಿನ ಬಸ್ಸು ಬಂದಾಗ ಅವರ ಹೆಗಲಿಂದ ಗಂಟು ಇಳಿಸಿಕೊಂಡು ನಾನೇ ಮೊದಲು ಹತ್ತಿದೆ. ಅವರು ಬಂದು ಪಕ್ಕದಲ್ಲಿ ಕೂತರು. ಕಂಡಕ್ಟರ್ ಎಲ್ಲಿಗೆ ಅಂದಾಗ ಅವರು ನನ್ನ ಮುಖ ನೋಡಿದರು.

"ಕಡೂರಿಗೆ ಎರಡು" ಎಂದೆ ನಾನು.