ಗುರುಗಳ ಎಡಗಾಲು

ನಮ್ಮ ಗುರುಗಳ ಎಡಗಾಲಿನಲ್ಲಿ, ಹಿಮ್ಮಡಿಗಿಂತ ತುಸು ಮೇಲೆ ಒಳಬದಿಗೆ, ಅಂಗೈಯಗಲ ಜಾಗ ಸದಾ ನುಣ್ಣಗಿರುತ್ತಿತ್ತು. ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುವಾಗ ಅಲ್ಲಿಗೂ ಒಮ್ಮೆ ಬ್ಲೇಡು ಆಡಿಸಿಕೊಂಡೇ ಆದೋನಿಯ ಸ್ಕ್ಯಾನಿಂಗ್ ಕೋಣೆಗೆ ಬರುತ್ತಿದ್ದರು. ಕಲಿಯಲು ಬಂದ ನಮ್ಮಂಥ ಹೊಸ ಡಾಕ್ಟರುಗಳಿಗೆ ನರ ಹುಡುಕುವುದನ್ನು ತಮ್ಮ ಕಾಲಿನ ಮೇಲೆಯೇ ಹೇಳಿಕೊಡುತ್ತಿದ್ದರು. ಪ್ಯಾಂಟು ಮಡಚಿ, ಮಂಚದ ಮೇಲೆ ಕಾಲು ಚಾಚಿ, "ಮೊದ್ಲು ಚಲೋ ನರ ನೋಡ್ರಿ. ಕೆಟ್ಟದ್ದು ಆಮ್ಯಾಲೆ ತಾನಾಗೇ ಗೊತ್ತಾಗ್ತೈತಿ" ಎನ್ನುವರು. ಸ್ಕ್ಯಾನಿಗೆ ಮೊದಲು ಹಚ್ಚುವ ಜೆಲ್ಲಿ ತಾಗಿತೋ, ಅಷ್ಟು ದೊಡ್ಡ ಮನುಷ್ಯ ಕಾಲು ಎಳೆದುಕೊಂಡು "ಅಯ್ಯಯ್ಯೋ, ಥಂಡಿ ಐತಲ್ಲವಾ!" ಎಂದು ಕೂಗುವರು. ನಾವೆಲ್ಲ ನಗುತ್ತಿದ್ದೆವು.

ಆರೋಗ್ಯವಂತರ ಕಾಲಿನ ನರ ಎಷ್ಟು ದಪ್ಪ ಇರುತ್ತದೆ ಎಂದು ಅಳೆಯುವುದು ಅವರ ಹುಚ್ಚು. ಪುಸ್ತಕದ ಅಳತೆ ಯಾವ ದೇಶದವರದೋ, ನಮ್ಮ ಕಡೆಯವರದು ನಮಗೆ ಬೇಡವೇ ಎಂದು ರೇಗುತ್ತಿದ್ದರು. ಹೀಗಾಗಿ ರೋಗಿಗಿಂತ ರೋಗಿಯ ಜೊತೆ ಬಂದವರ ಮೇಲೇ ಅವರ ಕಣ್ಣು. ಒಮ್ಮೆ ಹೊಳಗುಂದದಿಂದ ಹೆಂಡತಿಯನ್ನು ಕರೆತಂದಿದ್ದ ಕುರಿಗಾರನೊಬ್ಬನನ್ನು ಹಿಡಿದು ಕೂರಿಸಿದರು.

"ನನಗೇನೂ ಆಗಿಲ್ರಿ ಸಾರ್, ಆಕಿಗೆ ನೋಡ್ರಿ" ಎಂದು ಅವನು ಕೈಮುಗಿದ.

"ಏನೂ ಆಗಿಲ್ಲಂತೀಯಲ್ಲಪ್ಪಾ, ಅದಕ್ಕೇ ನನಗ ನೀನು ಬೇಕು. ಪಂಚಿ ಮ್ಯಾಲೆತ್ತು."

ಅಳತೆ ಮುಗಿಸಿ, ನರ ರಾಜನಂಗೈತಿ ಎಂದು ಬೆನ್ನು ತಟ್ಟಿದರು. "ಅದಕ್ಕೇ ಮನ್ಯಾಗ ನಿಲ್ಲವಲ್ದು ನೋಡ್ರಿ ಆ ಕಾಲು" ಎಂದಳು ಹೆಂಡತಿ. ಗುರುಗಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಅವರಿಗೆ ಸಕ್ಕರೆ ಕಾಯಿಲೆ ಇದ್ದದ್ದು ಗುಟ್ಟೇನಲ್ಲ. ಆ ಕಾಯಿಲೆ ನರಕ್ಕಿಳಿದರೆ ನರ ಊದುತ್ತದೆ, ಕಾಲಿಗೆ ಬಿಸಿ ತಣ್ಣಗೆ ತಿಳಿಯದಂತಾಗುತ್ತದೆ ಎಂದು ನಮಗೆ ಕಲಿಸಿದವರೂ ಅವರೇ. ಆದರೂ ಚಹಾಕ್ಕೆ ಧಾರಾಳವಾಗಿ ಸಕ್ಕರೆ ಹಾಕಿಸಿಕೊಂಡು, "ಶುಗರ್ ಪಾಡಿಗೆ ಶುಗರ್, ನನ್ನ ಪಾಡಿಗೆ ನಾನು" ಎಂದುಬಿಡುತ್ತಿದ್ದರು.

ನಾನು ಕಲಿತು ಬಳ್ಳಾರಿ ಸೇರಿ ಕೆಲವು ವರ್ಷಗಳಾದ ಮೇಲೆ ಅವರನ್ನು ಕಾಣಲು ಹೋದೆ. "ಬಾ ತಂಗಿ, ಕೈ ಮರ್ತೈತೇನು ನೋಡಾಣ" ಎಂದು ಕಾಲು ಚಾಚಿದರು. ಜೆಲ್ಲಿ ಹಚ್ಚಿ ಸ್ಕ್ಯಾನಿನ ಹಿಡಿಕೆ ಇಟ್ಟೆ; ಯಂತ್ರದ ತೆರೆಯ ಮೇಲೆ ನರ ದಪ್ಪಗೆ ಕಂಡಿತು.

"ಸರ್, ದೊಡ್ಡದು ಕಾಣ್ತೈತಿ."

"ಓರೆ ಹಿಡಿದೀ. ಓರೆ ಹಿಡಿದ್ರ ಯಾರ ನರಾನೂ ದೊಡ್ಡದೇ. ನೆಟ್ಟಗ ಹಿಡಿ."

ನೆಟ್ಟಗೆ ಹಿಡಿದೆ. ಮತ್ತೂ ಅಷ್ಟೇ. ಆದರೆ ಆ ಕಾಲಿನ ಅಳತೆ ನಮಗೆಲ್ಲ ಬಾಯಿಪಾಠ. ನನ್ನ ಕೈ ತಪ್ಪಬಹುದು, ಯಂತ್ರ ತಪ್ಪಬಹುದು, ಗುರುಗಳ ಕಾಲು ತಪ್ಪೀತೇ? "ಹೌದು ಸರ್, ಓರೆಯಾಗಿತ್ತು" ಎಂದು ಜೆಲ್ಲಿ ಒರೆಸಿದೆ. ಅವರಿಗೂ ಅಷ್ಟೇ ಬೇಕಾಗಿತ್ತೇನೋ, ಕೂಡಲೇ ಚಹಾ ತರಿಸಿದರು.

ವಾಪಸು ಬರುವಾಗ ಬಸ್ಸು ಹಾಲಹರವಿ ದಾಟುತ್ತಿದ್ದಂತೆ ಹೊಳೆಯಿತು, ಅವರು ಈ ಸಲ ಕೂಗಿರಲೇ ಇಲ್ಲ. ತಡೆಯದೆ ಫೋನು ಮಾಡಿ, ಜೆಲ್ಲಿ ಥಂಡಿ ಅನ್ನಿಸಲಿಲ್ಲವೇ ಸರ್ ಎಂದು ಕೇಳಿದೆ. "ವಯಸ್ಸಾತು ತಂಗಿ, ಇನ್ನೂ ಕುಣೀಲೇನು?" ಎಂದು ನಕ್ಕರು. ನಾನೂ ನಕ್ಕು ಇಟ್ಟುಬಿಟ್ಟೆ.

ಮುಂದಿನ ಬೇಸಿಗೆಯಲ್ಲಿ ಬರಿಗಾಲಲ್ಲಿ ಗುಡಿ ಸುತ್ತಿ ಬಂದ ಗುರುಗಳಿಗೆ ಕಾದ ಬಂಡೆ ಅಂಗಾಲನ್ನು ಸುಟ್ಟದ್ದು ತಿಳಿಯಲಿಲ್ಲ. ಗಾಯ ಕೀವಾಗಿ ಮೇಲೇರಿತು. ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ನೋಡಲು ಹೋದಾಗ ನನ್ನ ಕೈ ಹಿಡಿದುಕೊಂಡು, "ಅವತ್ತು ನಿನ್ನ ಕೈ ಓರೆ ಇರಲಿಲ್ಲ ತಂಗಿ" ಎಂದರು. ಅವರು ನನಗೆ ಹೇಳಿದ ಕೊನೆಯ ಮಾತು ಅದು. ಆ ತಿಂಗಳೇ ತೀರಿಕೊಂಡರು. ಅವರ ಮಾತಿಗಿಂತ ಅವರು ಕಲಿಸಿದ್ದನ್ನು ನಂಬಬೇಕಾಗಿತ್ತು ಎಂಬ ಸಂಕಟ ನನ್ನನ್ನು ಬಿಟ್ಟಿಲ್ಲ.

ಈಗ ನಮ್ಮ ಕೋಣೆಗೆ ಜೆಲ್ಲಿ ಬೆಚ್ಚಗೆ ಮಾಡುವ ಪುಟ್ಟ ಪೆಟ್ಟಿಗೆ ಬಂದಿದೆ. ನಾನು ಆ ಪೆಟ್ಟಿಗೆಯನ್ನು ಬಳಸುವುದಿಲ್ಲ. ಥಂಡಿ ತಾಗಿ ಯಾರಾದರೂ ಕಾಲು ಎಳೆದುಕೊಂಡು ಬೈದರೆ ನನಗೆ ಸಮಾಧಾನ. ಸುಮ್ಮನೆ ಮಲಗಿದ್ದರೆ, ತೆರೆ ನೋಡುವುದನ್ನು ಬಿಟ್ಟು ಮೊದಲು ಅವರ ಅಂಗಾಲು ನೋಡುತ್ತೇನೆ.