ಕುರಿಮರಿಯ ಉಣ್ಣೆ ಅಂಟಿದ್ದ ಪುಟ

ಕಳೆದ ಶನಿವಾರ ಎರಡನೇ ತರಗತಿಯ ಹುಡುಗಿಯೊಬ್ಬಳು ನನ್ನನ್ನು ಕಳ್ಳ ಎಂದಳು. ಇಡೀ ಕ್ಲಾಸಿನ ಮುಂದೆ. ನನ್ನ ತಂಗಿಯ ಮುಂದೆ.

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆ ಗಾಬರಿ ನನಗಿನ್ನೂ ಇಳಿದಿಲ್ಲ.

ಬೀದರಿನ ಗಾಂಧಿ ಗಂಜಿನ ಬಳಿ ನನ್ನದೊಂದು ಬೈಂಡಿಂಗ್ ಅಂಗಡಿ ಇರುವುದು ನಿಮಗೆ ಗೊತ್ತು. ನಾನು ಏಳನೇ ತರಗತಿಗೇ ಶಾಲೆ ಬಿಟ್ಟವನು ಎಂಬುದೂ ಗೊತ್ತು (ಎಷ್ಟು ಸಲ ಹೇಳಿಲ್ಲ!). ತಂಗಿ ಸುವರ್ಣಾ ಔರಾದ್ ಕಡೆಯ ಹಳ್ಳಿಯೊಂದರಲ್ಲಿ ಟೀಚರ್. ಅವಳ ಕ್ಲಾಸಿನಲ್ಲಿ ಮಕ್ಕಳ ಕವನದ ಚಿತ್ರಪುಸ್ತಕಗಳಿವೆ. ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು, ಬೇಸಿಗೆಗೊಂದು. ಪುಟಗಳು ಕಿತ್ತು ಬಂದಿದ್ದವು. ನನ್ನ ಅಂಗಡಿಗೆ ತಂದಳು.

"ಅಣ್ಣಾ, ಹೊಲಿಗಿ ಅಷ್ಟೇ ಹಾಕು. ಬ್ಯಾರೆ ಏನೂ ಮಾಡಬ್ಯಾಡ."

"ನನಗ ಕಲಸ್ತೀ ಏನು? ಹೋಗವಾ," ಅಂದೆ.

ಅವಳು ಹೋದ ಮೇಲೆ ಬಿಚ್ಚಿ ನೋಡಿದೆ. ಪುಟಗಳ ಅಂಚಿಗೆಲ್ಲ ಗೋಂದು. ಒಣಗಿದ ಹುಲ್ಲು, ತೊಗರಿ ಸಿಪ್ಪೆ, ಎಂಥದೋ ಕೂದಲಿನ ಉಂಡೆ. ಟೀಚರಮ್ಮನ ಪುಸ್ತಕ ಇಷ್ಟು ಹೊಲಸೇ? ಅವಳ ಮಾತು ನೆನಪಿತ್ತು. ಆದರೆ ಓದಿದ ತಂಗಿಗಿಂತ ನನಗೆ ಹೆಚ್ಚು ಗೊತ್ತಿರುವುದು ಇದೊಂದೇ ಕೆಲಸ. ಬಿಡುತ್ತೇನೆಯೇ? ಎಲ್ಲ ಕೆರೆದು ತೆಗೆದೆ. ಮಷೀನಿಗಿಟ್ಟು ಅಂಚು ಕತ್ತರಿಸಿದೆ. ಗಂಜಿನ ಅಡತಿ ಅಂಗಡಿಯವರ ಲೆಕ್ಕದ ಪುಸ್ತಕಗಳಿಗೆ ಹಾಕಿಕೊಡುವಂಥ ಕೆಂಪು ರೆಕ್ಸಿನ್ ರಟ್ಟು ಹಾಕಿದೆ.

ಶನಿವಾರ ನಾನೇ ಬಸ್ಸು ಹತ್ತಿ ಒಯ್ದೆ (ಹೊಗಳಿಸಿಕೊಳ್ಳುವ ಆಸೆ, ಮತ್ತೇನು?).

ಮಕ್ಕಳು ಮುಗಿಬಿದ್ದರು. ಒಬ್ಬ ಹುಡುಗಿ ಚಳಿಗಾಲದ ಪುಸ್ತಕವನ್ನು ಮುಂದಕ್ಕೂ ಹಿಂದಕ್ಕೂ ತಿರುವಿದಳು.

"ಟೀಚರ್, ನನ್ನ ಕುರಿಮರೀ ಉಣ್ಣಿ ಎಲ್ಲದರಿ?"

ಸುವರ್ಣಾ ನನ್ನ ಮುಖ ನೋಡಿದಳು. "ಅಣ್ಣಾ, ಅಂಟಿಸಿದ್ದೆಲ್ಲಾ ಏನ್ ಮಾಡ್ದಿ?"

"ಕಸದಾಗ ಹೋತಲ್ಲವಾ..."

"ಕಳ್ಳ ಇದ್ದಾರ್ರಿ ಇವ್ರು!" ಅಂದಳು ಹುಡುಗಿ.

ಆಗ ಸುವರ್ಣಾ ವಿಷಯ ಹೇಳಿದಳು. ಕವನ ಓದಿದ ಮೇಲೆ ಮಕ್ಕಳು ಆ ಕಾಲದ್ದು ಏನಾದರೂ ಹುಡುಕಿ ತಂದು ಅದೇ ಪುಟದ ಅಂಚಿಗೆ ಅಂಟಿಸಬೇಕು. ಅದರ ಬಗ್ಗೆ ಒಂದು ಮಾತು ಆಡಬೇಕು. ಕುರಿ ಸಾಕುವವರ ಮನೆಯ ಈ ಭಾಗ್ಯಾ ಶಾಲೆಗೆ ಸೇರಿದಾಗಿನಿಂದ ಬಾಯಿಯೇ ಬಿಟ್ಟಿರಲಿಲ್ಲ. ಚಳಿಗಾಲದ ಕವನ ಓದಿದ ಮರುದಿನ ಉಣ್ಣೆ ತಂದು ಅಂಟಿಸಿ, "ನನ್ನ ಮರಿ ನನ್ನ ಕೌದ್ಯಾಗೇ ಮಲಗ್ತದರಿ" ಅಂದಳಂತೆ. ಅಲ್ಲಿಂದ ಮಾತು ಶುರುವಾಗಿತ್ತು.

"ಬ್ಯಾರೆ ಉಣ್ಣಿ ತಂದು ಕೊಡ್ತೇನಿ ಬೇಟಾ. ಎಷ್ಟು ಬೇಕಷ್ಟು," ಅಂದೆ.

"ಮರಿ ಭಾಲ್ಕಿ ಸಂತ್ಯಾಗ ಮಾರಿದ್ರರಿ. ಅದಷ್ಟೇ ಉಳಿದಿತ್ತು."

ನಾನೇನು ಕೆರೆದು ಎಸೆದೆ? ಹಬ್ಬಕ್ಕೆ ಸುಣ್ಣ ಬಳಿಯುವಾಗ ಮಗು ಗೋಡೆಯ ಮೇಲೆ ಬರೆದದ್ದನ್ನು ಅಳಿಸುವವರು ನಾವೇ. ಮಗು ಯಾಕೆ ಮಾತಾಡುವುದಿಲ್ಲ ಎಂದು ಟೀಚರನ್ನು ಕೇಳುವವರೂ ನಾವೇ.

ತಂಗಿ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಬೇಸಿಗೆಯ ಪುಸ್ತಕ ತೆಗೆದು ಓದಿ ಎಲ್ಲರನ್ನೂ ಒಂದೊಂದು ಮಾತು ಕೇಳಿದಳು. ಮಾವಿನಕಾಯಿ, ನೀರಿನ ಕೊಡ, ಬಿಸಿಲು ಎಂದು ಮಕ್ಕಳು ಕೂಗಿದರು. ಭಾಗ್ಯಾಳ ಸರದಿ ಬಂತು. ಅವಳು ನೆಲ ನೋಡುತ್ತ ಕುಳಿತಳು.

ಈಗ ದಿನಾ ಸಂಜೆ ತಂಗಿಗೆ ಫೋನ್ ಮಾಡುತ್ತೇನೆ. ಕೇಳುವುದು ಒಂದೇ: ಆ ಹುಡುಗಿ ಇವತ್ತಾದರೂ ಮಾತಾಡಿದಳಾ?